ಸವಕಲು ಸೀಸರನ ಸಾಕ್ಷಿ

ಐನೂರರ ನೋಟು ಕೈಗೆ ಬಂದರೆ ಬೆಳಕಿಗೆ ಹಿಡಿದು ನೋಡುತ್ತೇವೆ. ಬಿಳಿ ಜಾಗದಲ್ಲಿ ಗಾಂಧೀಜಿ ಮೂಡಿದರೆ ಸರಿ, ವಾರೆ ಮಾಡಿದಾಗ ಹಸಿರು ದಾರ ನೀಲಿಗೆ ತಿರುಗಿದರೆ ಸರಿ. ಬೆಳ್ಳಿ ರೂಪಾಯಿಯ ಕಾಲದಲ್ಲಿ ಪರೀಕ್ಷೆ ನಡೆಯುತ್ತಿದ್ದುದು ಕಿವಿಯಿಂದ. ಅಂಗಡಿಯ ಕಲ್ಲಿನ ಮೇಲೆ ಕುಕ್ಕಿದರೆ ಖಣ್ ಎನ್ನಬೇಕು. ಬೊದ್ದು ಸದ್ದು ಬಂದರೆ ತಂದವನ ಕೈಗೇ ವಾಪಸ್ಸು. ಚಿನ್ನವಾದರೆ ಅಕ್ಕಸಾಲಿಯ ಒರೆಗಲ್ಲು ಇದ್ದೇ ಇತ್ತು.

ಈಗ ಹಳೆಯ ನಾಲ್ಕಾಣೆಯಷ್ಟು ಅಗಲದ ಒಂದು ಬೆಳ್ಳಿ ಬಿಲ್ಲೆಯನ್ನು ಅಂಗೈ ಮೇಲೆ ಇಟ್ಟುಕೊಂಡಿದ್ದೀರಿ ಎಂದುಕೊಳ್ಳಿ. ಒಂದು ಬದಿಯಲ್ಲಿ ಯಾರದೋ ತಲೆ. ಮೂಗು ಮಾಸಿದೆ, ಕಿವಿ ಇದ್ದ ಕಡೆ ಒಂದು ಉಬ್ಬು ಉಳಿದಿದೆ. ಇನ್ನೊಂದು ಬದಿಯಲ್ಲಿ ಕುಳಿತ ಹೆಂಗಸಿನ ಆಕಾರ. ಸುತ್ತಲಿನ ಅಕ್ಷರಗಳಲ್ಲಿ ಅರ್ಧ ಅಳಿಸಿಹೋಗಿವೆ. ಇದು ರೋಮ್ ಸಾಮ್ರಾಟ ಟೈಬೀರಿಯಸ್ ಸೀಸರನ ‘ದಿನಾರಿಯಸ್’, ಎರಡು ಸಾವಿರ ವರ್ಷ ಹಳೆಯದು ಎನ್ನುತ್ತಾನೆ ಮಾರುವವನು. ನಂಬುವುದು ಹೇಗೆ? ಇದು ಯಾವುದೋ ದೂರದೇಶದವರಿಗಷ್ಟೇ ಬರುವ ಪ್ರಶ್ನೆ ಎಂದುಕೊಳ್ಳಬೇಡಿ. ಬೆಂಗಳೂರಿನ ಯಶವಂತಪುರದಲ್ಲಿ, ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಇಂಥ ರೋಮನ್ ಬೆಳ್ಳಿ ನಾಣ್ಯಗಳು ನೆಲದಿಂದ ಎದ್ದು ಬಂದಿವೆ. ಟೈಬೀರಿಯಸ್‌ನ ಈ ಕುಳಿತ ಹೆಂಗಸಿನ ನಾಣ್ಯವಂತೂ ದಕ್ಷಿಣ ಭಾರತದ ನಿಧಿಗಳಲ್ಲಿ ರಾಶಿರಾಶಿಯಾಗಿ ಸಿಕ್ಕಿದೆ.

‘ಇಷ್ಟೊಂದು ಸವೆದಿದೆಯಲ್ಲ, ಹಳೆಯದೇ ಇರಬೇಕು’ ಎಂದು ಯಾರಿಗಾದರೂ ಮೊದಲು ಅನ್ನಿಸುತ್ತದೆ. ಮೋಸ ಹೋಗುವುದು ಇಲ್ಲೇ.

ಗಾಡಿ ಸವಾರಿ ಹೊರಟ ಸೀಸರರು

ಜರ್ಮನಿಯಲ್ಲಿ ಕಾರ್ಲ್ ವಿಲ್ಹೆಲ್ಮ್ ಬೆಕರ್ ಎಂಬೊಬ್ಬನಿದ್ದ. 1772ರಲ್ಲಿ ಹುಟ್ಟಿ 1830ರಲ್ಲಿ ಸತ್ತವನು. ಪ್ರಾಚೀನ ಗ್ರೀಕ್, ರೋಮನ್ ನಾಣ್ಯಗಳ ಅಚ್ಚುಗಳನ್ನು ಉಕ್ಕಿನಲ್ಲಿ ಕೈಯಾರೆ ಕೆತ್ತುತ್ತಿದ್ದ. ಅವನು ಕೆತ್ತಿದ ಅಚ್ಚುಗಳು ನೂರಾರು. ಕೆಲಸ ಎಷ್ಟು ಚೊಕ್ಕವೆಂದರೆ, ಇಂದು ಬೆಕರ್‌ನ ನಕಲಿಗಳನ್ನೇ ಹುಡುಕಿ ಕೊಳ್ಳುವ ಸಂಗ್ರಾಹಕರಿದ್ದಾರೆ. ಆದರೆ ಟಂಕಿಸಿದ ಕೂಡಲೇ ನಾಣ್ಯ ಹೊಸದಾಗಿ ಫಳಫಳ ಹೊಳೆಯುತ್ತಿತ್ತು. ಅದಕ್ಕೆ ಅವನು ಹೂಡಿದ ಉಪಾಯವೇ ಒಂದು ಕಥೆಯಾಗಿ ಉಳಿದಿದೆ. ಕಬ್ಬಿಣದ ಅರದ ಪುಡಿಯನ್ನೂ ಕೊಬ್ಬನ್ನೂ ತುಂಬಿದ ಪೆಟ್ಟಿಗೆಯಲ್ಲಿ ನಾಣ್ಯಗಳನ್ನು ಹಾಕಿ, ಅದನ್ನು ತನ್ನ ಕುದುರೆಗಾಡಿಯ ಅಚ್ಚಿಗೆ ಕಟ್ಟಿ, ಕಲ್ಲುಹಾಸಿನ ರಸ್ತೆಯಲ್ಲಿ ಓಡಾಡಿಸುತ್ತಿದ್ದನಂತೆ. ಕುಲುಕಾಟದಲ್ಲಿ ಮೂಗು ಮುಸುಡಿ ಎಲ್ಲ ಹದವಾಗಿ ಸವೆಯುತ್ತಿದ್ದವು. ‘ನನ್ನ ಹಳೇ ಯಜಮಾನರನ್ನು ಗಾಳಿ ಸವಾರಿಗೆ ಕರೆದೊಯ್ಯುತ್ತಿದ್ದೇನೆ’ ಎಂದು ಗೆಳೆಯರ ಬಳಿ ತಮಾಷೆ ಮಾಡುತ್ತಿದ್ದನೆಂದು ಹೇಳುತ್ತಾರೆ.

ಅವನ ಇನ್ನೊಂದು ಕೈಚಳಕ ಇದಕ್ಕಿಂತ ಘಾಟಿಯದು. ಅಗ್ಗಕ್ಕೆ ಸಿಗುವ ಅಸಲಿ ಪ್ರಾಚೀನ ನಾಣ್ಯವನ್ನು ತಂದು, ಅದರ ಮೇಲೇ ತನ್ನ ಅಚ್ಚು ಹೊಡೆದು, ಅಪರೂಪದ ನಾಣ್ಯವನ್ನಾಗಿ ಮಾಡುತ್ತಿದ್ದ. ಬೆಳ್ಳಿ ಪರೀಕ್ಷಿಸಿದರೆ ಬೆಳ್ಳಿ ಪ್ರಾಚೀನವೇ! ಹಾಗಿದ್ದರೆ ಸವೆತ ಸಾಕ್ಷಿಯಲ್ಲ, ಲೋಹವೂ ಸಾಕ್ಷಿಯಲ್ಲ, ತೂಕವನ್ನಂತೂ ಯಾರು ಬೇಕಾದರೂ ಹೊಂದಿಸಬಹುದು. ಉಳಿದದ್ದೇನು?

ಉಳಿದದ್ದು ಒಂದಿದೆ. ಅದಕ್ಕೆ ಬರುವ ಮೊದಲು ಟಂಕಸಾಲೆಗೆ ಹೋಗಿಬರೋಣ.

ನಿಪ್ಪಟ್ಟು ಮತ್ತು ಇಡ್ಲಿ

ರೋಮನ್ನರು ನಾಣ್ಯವನ್ನು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಕೆಳಗಿನ ಅಚ್ಚು ಅಡಿಗಲ್ಲಿನಲ್ಲಿ ಕೂತಿರುತ್ತದೆ. ಅದರ ಮೇಲೆ ಬೆಳ್ಳಿಯ ಬಿಲ್ಲೆ, ಬಿಲ್ಲೆಯ ಮೇಲೆ ಕೈಯಲ್ಲಿ ಹಿಡಿದ ಎರಡನೆಯ ಅಚ್ಚು. ಮೇಲಿಂದ ಸುತ್ತಿಗೆಯ ಏಟು. ಆ ಒಂದು ಕ್ಷಣದಲ್ಲಿ ಗಟ್ಟಿ ಲೋಹ ಹಿಟ್ಟಿನ ಉಂಡೆಯಂತೆ ವರ್ತಿಸುತ್ತದೆ. ನಡುವಿನಿಂದ ಅಂಚಿನ ಕಡೆಗೆ ಜರುಗುತ್ತದೆ, ಅಚ್ಚಿನ ತಗ್ಗುಗಳಿಗೆ ನುಗ್ಗುತ್ತದೆ, ಅಂಚಿನಲ್ಲಿ ತಡೆಯಲಾರದೆ ಬಿರುಕು ಬಿಡುತ್ತದೆ.

ನಿಪ್ಪಟ್ಟು ತಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಉಂಡೆಯನ್ನು ಒತ್ತಿದರೆ ಅಂಚು ಸೀಳುತ್ತದೆ, ಯಾವ ಎರಡು ನಿಪ್ಪಟ್ಟಿನ ಸೀಳೂ ಒಂದೇ ಥರ ಇರುವುದಿಲ್ಲ. ಇಡ್ಲಿಯ ಕಥೆ ಬೇರೆ. ಅಲ್ಲಿ ಹಿಟ್ಟನ್ನು ಗುಳಿಗೆ ಹೊಯ್ಯುತ್ತೇವೆ. ಗುಳಿಯ ಆಕಾರ ತಾನಾಗಿ ಬರುತ್ತದೆ, ಅಂಚು ನುಣ್ಣಗಿರುತ್ತದೆ, ಮೈತುಂಬ ಗಾಳಿಯ ಸಣ್ಣ ತೂತುಗಳಿರುತ್ತವೆ. ಎರಕ ಹೊಯ್ದ ನಾಣ್ಯ ಇಡ್ಲಿಯ ಜಾತಿಯದು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ, ಅಕ್ಕಸಾಲಿಗಳು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರದಲ್ಲಿ ನೋಡಿದರೆ ಗುಳ್ಳೆ ಒಡೆದ ಗುಂಡಿಗಳು ಕಾಣುತ್ತವೆ. ಅಕ್ಷರಗಳ ಅಂಚು ಬಳಸಿದ ಸೋಪಿನಂತೆ ದುಂಡಗಾಗಿರುತ್ತದೆ. ಎರಡು ಅರೆ ಅಚ್ಚುಗಳು ಕೂಡಿದ ಕಡೆ ನಾಣ್ಯದ ಅಂಚಿನ ಸುತ್ತ ಒಂದು ಹೊಲಿಗೆಗೆರೆ ಉಳಿದಿರುತ್ತದೆ. ಅದನ್ನು ಅರದಿಂದ ಉಜ್ಜಿ ತೆಗೆದಿದ್ದರೆ ಆ ಉಜ್ಜಿದ ಗುರುತು ಉಳಿದಿರುತ್ತದೆ. ನಾಣ್ಯ ಪರೀಕ್ಷಿಸುವವರು ರಾಜನ ಮುಖಕ್ಕಿಂತ ಮೊದಲು ಅಂಚನ್ನು ನೋಡುವುದು ಇದಕ್ಕೇ.

ತೂಕವನ್ನು ನೋಡಿಯೇ ನೋಡುತ್ತಾರೆ, ಆದರೆ ಅದನ್ನೇ ನಂಬಿ ಕೂರುವುದಿಲ್ಲ. ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ದಿನಾರಿಯಸ್ ಎಂಬ ಲೆಕ್ಕದಲ್ಲಿ ಟೈಬೀರಿಯಸ್‌ನ ನಾಣ್ಯ ಸುಮಾರು 3.9 ಗ್ರಾಂ ತೂಗಬೇಕು. ಕ್ರಿ.ಶ. 64ರ ಹೊತ್ತಿಗೆ ನೀರೋ ಅದೇ ಪೌಂಡಿನಲ್ಲಿ 96 ನಾಣ್ಯ ಹೊಡೆಸಿದ, ತೂಕ 3.4 ಗ್ರಾಂಗೆ ಇಳಿಯಿತು. ಟೈಬೀರಿಯಸ್‌ನ ಸವಕಲು ನಾಣ್ಯ 3.6 ಗ್ರಾಂ ಇದ್ದರೆ ಆಶ್ಚರ್ಯವಿಲ್ಲ. 2.8 ಇದ್ದರೆ ಹುಬ್ಬೇರಿಸಬೇಕು.

ಸುಕ್ಕಿನ ಜೆರಾಕ್ಸ್

ದೇವಸ್ಥಾನದ ಕಲ್ಲಿನ ಮೆಟ್ಟಿಲು ನಡುವೆ ಸವೆದಿರುತ್ತದೆ, ಗೋಡೆಯ ಪಕ್ಕದ ಮೂಲೆಯಲ್ಲಿ ಉಳಿಯ ಗುರುತು ಇನ್ನೂ ಹಾಗೇ ಇರುತ್ತದೆ. ಕಾಲು ಬೀಳುವಲ್ಲಿ ಸವೆತ, ಬೀಳದಲ್ಲಿ ಹುಟ್ಟಿದಾಗಿನ ಮೈ. ನಾಣ್ಯವೂ ಹೀಗೇ. ಟೈಬೀರಿಯಸ್‌ನ ಕಿವಿಯ ಮೇಲಿನ ಕೂದಲು, ಕೆನ್ನೆ, ತಲೆಯ ಎಲೆಮಾಲೆ ಎತ್ತರದಲ್ಲಿವೆ. ಅವು ಮೊದಲು ಹೋಗುತ್ತವೆ. ಹಿಂಬದಿಯಲ್ಲಿ ಹೆಂಗಸಿನ ಮಂಡಿ ಹೋಗುತ್ತದೆ. ಗದ್ದದ ಕೆಳಗೆ, ಕುತ್ತಿಗೆಯ ಒತ್ತಿಗೆ, ಅಕ್ಷರದ ಸಂದಿಯಲ್ಲಿ ಬೆರಳು ತಾಗುವುದಿಲ್ಲ. ಅಲ್ಲಿ ಸುತ್ತಿಗೆಯ ಏಟಿಗೆ ಲೋಹ ಜರುಗಿದ ಕೂದಲೆಳೆಯಂಥ ಗೆರೆಗಳು ಉಳಿದಿರುತ್ತವೆ. ಅಸಲಿ ಸವಕಲು ನಾಣ್ಯಕ್ಕೆ ಹೀಗೆ ಎರಡು ಬಗೆಯ ಮೈ: ಎತ್ತರದಲ್ಲಿ ನುಣುಪು, ತಗ್ಗಿನಲ್ಲಿ ಒರಟು ತಾಜಾತನ.

ಈಗ ಯಾರೋ ಈ ಸವಕಲು ನಾಣ್ಯದಿಂದಲೇ ಅಚ್ಚು ತೆಗೆದು ನಕಲು ಎರಕ ಹೊಯ್ದರು ಎನ್ನಿ. ಸುಕ್ಕಾದ ಕಾಗದವನ್ನು ಜೆರಾಕ್ಸ್ ಮಾಡಿಸಿದರೆ ಸುಕ್ಕಿನ ಚಿತ್ರವೂ ಬರುತ್ತದೆ, ಆದರೆ ಹೊಸ ಹಾಳೆ ಚಪ್ಪಟೆಯಾಗಿಯೇ ಇರುತ್ತದೆ. ನಕಲಿನಲ್ಲಿ ಆಗುವುದೂ ಅದೇ. ಮೂಗು ಸವೆದಂತೆ ಕಾಣುತ್ತದೆ, ಆದರೆ ಸವೆದೇ ಇಲ್ಲ. ಅದು ಹುಟ್ಟಿದ್ದೇ ಮೊಂಡು ಮೂಗಿನೊಂದಿಗೆ. ಮೂಗಿನ ತುದಿಯಲ್ಲೂ ಗದ್ದದ ಸಂದಿಯಲ್ಲೂ ಒಂದೇ ಥರದ ಮೈ.

ಇದರಿಂದಲೇ ಇನ್ನೊಂದು ಬಲೆ ಹೆಣೆಯಬಹುದು. ಒಂದೇ ಅಚ್ಚಿನಿಂದ ಹೊಡೆದ ಸಾವಿರ ನಾಣ್ಯಗಳಲ್ಲಿ ರಾಜನ ಮುಖ ಒಂದೇ ಇರಬಹುದು, ಇರಲೇಬೇಕು. ಆದರೆ ಅಂಚಿನ ಬಿರುಕು, ಚಿತ್ರ ಪಕ್ಕಕ್ಕೆ ಜಾರಿದ ಪ್ರಮಾಣ, ಕೆನ್ನೆಯ ಮೇಲಿನ ಗೀರು ಇವೆಲ್ಲ ಪ್ರತಿ ನಾಣ್ಯದ ಸ್ವಂತ ಆಸ್ತಿ. ಎರಡು ನಾಣ್ಯಗಳ ಕೆನ್ನೆಯಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು ಕಂಡರೆ ಅವೆರಡರಲ್ಲಿ ಒಂದಾದರೂ ನಕಲು. ಅವಳಿ ಮಕ್ಕಳ ಮುಖ ಒಂದೇ ಇರಬಹುದು, ಇಬ್ಬರೂ ಬಿದ್ದು ಒಂದೇ ಕಡೆ ಮಂಡಿ ಕೆತ್ತಿಕೊಂಡಿರಲು ಸಾಧ್ಯವೇ?

ಬೇರು ಬಿಟ್ಟ ಕಿಲುಬು

ತಾಮ್ರದ ಚೊಂಬಿಗೆ ಹಿಡಿಯುವ ಹಸಿರನ್ನು ಕಿಲುಬು ಎನ್ನುತ್ತೇವಲ್ಲ, ನಾಣ್ಯಪ್ರಿಯರು ಪಟಿನಾ ಎಂದು ಮುದ್ದಿನಿಂದ ಕರೆಯುವುದು ಅದನ್ನೇ. ರೋಮ್‌ನ ಕಂಚಿನ ನಾಣ್ಯ ಶತಮಾನಗಟ್ಟಲೆ ತೇವದ ಮಣ್ಣಿನಲ್ಲಿ ಕೂತಾಗ ತಾಮ್ರದ ಕಣಗಳು ನಿಧಾನವಾಗಿ ಹೊರಗೆ ಸರಿಯುತ್ತವೆ, ಹೊರಗಿನ ನೀರು ಗಾಳಿ ಒಳಗಿಳಿಯುತ್ತವೆ. ಲೋಹಕ್ಕೆ ಅಂಟಿದಂತೆ ಮೊದಲು ಇಟ್ಟಿಗೆಗೆಂಪು ಪದರ ಬೆಳೆಯುತ್ತದೆ. ಅದು ಆಮ್ಲಜನಕ ಸೇರಿದ ತಾಮ್ರ. ಅದರ ಹೊರಗೆ, ನೀರಿನಲ್ಲಿ ಕರಗಿ ಬಂದ ಇಂಗಾಲಾಮ್ಲವೂ ಸೇರಿ ಹಸಿರು ಪದರ. ಬಹಳಷ್ಟು ಕಂಚಿನ ನಾಣ್ಯಗಳಲ್ಲಿ ಈ ಜೋಡಿ ಇರುತ್ತದೆ: ಒಳಗೆ ಕೆಂಪು, ಹೊರಗೆ ಹಸಿರು.

ನಕಲಿಗನಿಗೆ ಹಸಿರು ತರಿಸುವುದು ಕಷ್ಟವಲ್ಲ. ಆಮ್ಲದ ಹಬೆಗೆ ಹಿಡಿದರೆ ಒಂದೆರಡು ದಿನದಲ್ಲಿ ಬರುತ್ತದೆ; ಇನ್ನೂ ಸೋಮಾರಿಯಾದರೆ ಬಣ್ಣವನ್ನೇ ಬಳಿಯುತ್ತಾನೆ. ಆದರೆ ಗೋಡೆಗೆ ಬಳಿದ ಸುಣ್ಣ ಬೇರೆ, ಗೋಡೆಯ ಸಂದಿಗೆ ಬೇರಿಳಿಸಿದ ಅರಳಿ ಸಸಿ ಬೇರೆ. ಸೂಜಿಮೊನೆಯಿಂದ ಕೆದಕಿದರೆ ಬಳಿದ ಹಸಿರು ಪುಡಿಪುಡಿಯಾಗಿ ಏಳುತ್ತದೆ, ಕೆಳಗೆ ನೇರವಾಗಿ ಹಳದಿ ಲೋಹ ಕಾಣುತ್ತದೆ. ಅಸಲಿ ಕಿಲುಬು ಲೋಹದ ಹರಳುಗಳ ನಡುವಿನ ಸಂದಿಗಳಲ್ಲಿ ಬೇರು ಬಿಟ್ಟಿರುತ್ತದೆ.

ಬೆಳ್ಳಿಯೂ ಮಣ್ಣಿನಲ್ಲಿ ಸುಮ್ಮನಿರುವುದಿಲ್ಲ. ಅದರೊಳಗೆ ಸೇರಿಕೊಂಡಿದ್ದ ಅಲ್ಪಸ್ವಲ್ಪ ತಾಮ್ರ, ಸೀಸ ನಿಧಾನಕ್ಕೆ ಹರಳುಗಳ ಗಡಿಗೆ ಬಂದು ಸೇರುತ್ತವೆ, ತುಕ್ಕು ಅದೇ ಗಡಿ ಹಿಡಿದು ಒಳನುಗ್ಗುತ್ತದೆ, ಬೆಳ್ಳಿ ಕಲ್ಲುಸಕ್ಕರೆಯಂತೆ ಪೆಡಸಾಗುತ್ತದೆ. ಇಂಥ ನಾಣ್ಯವನ್ನು ಕಲ್ಲಿನ ಮೇಲೆ ಕುಕ್ಕಿದರೆ ಬೊದ್ದು ಸದ್ದೇ ಬರುತ್ತದೆ. ಕೆಲವೊಮ್ಮೆ ಎರಡು ತುಂಡೂ ಆಗುತ್ತದೆ. ನಮ್ಮ ಅಂಗಡಿಯ ಶೆಟ್ಟರು ಅಸಲಿ ಸೀಸರನನ್ನು ಖೋಟಾ ಎಂದು ಹೊರಗೆಸೆಯುತ್ತಿದ್ದರು.

ಬೆಳ್ಳಿಯ ಒಳಗೂ ಒಂದು ಜಾತಕವಿದೆ. ಆ ಕಾಲದಲ್ಲಿ ಬೆಳ್ಳಿಯನ್ನು ಹೆಚ್ಚಾಗಿ ಸೀಸದ ಅದಿರಿನಿಂದ ತೆಗೆಯುತ್ತಿದ್ದರು. ಎಷ್ಟೇ ಪುಟವಿಟ್ಟರೂ ಒಂದಿಷ್ಟು ಸೀಸ, ಚೂರು ಚಿನ್ನ ಉಳಿದುಬಿಡುತ್ತಿತ್ತು. ವಿದ್ಯುತ್ತಿನಿಂದ ಶುದ್ಧಿಮಾಡಿದ ಇಂದಿನ ಬೆಳ್ಳಿಯಲ್ಲಿ ಅವು ಬಹುಮಟ್ಟಿಗೆ ಇರುವುದಿಲ್ಲ. ಹಾಗಾಗಿ ತೀರಾ ಶುದ್ಧವಾದ ರೋಮನ್ ನಾಣ್ಯ ಅನುಮಾನಕ್ಕೆ ಗುರಿ. ಆದರೆ ಈ ಪರೀಕ್ಷೆಯಲ್ಲೂ ಒಂದು ಕುಣಿಕೆಯಿದೆ. ನಾಣ್ಯಕ್ಕೆ ಏನೂ ಪೆಟ್ಟಾಗದಂತೆ ಎಕ್ಸ್-ರೇ ಬೀರಿ ಲೋಹ ಗುರುತಿಸುವ ಯಂತ್ರ ನೋಡುವುದು ಚರ್ಮದಷ್ಟೇ ಆಳ. ರೋಮ್‌ನ ಟಂಕಸಾಲೆಗಳಲ್ಲಿ ಬೆರಕೆ ಬೆಳ್ಳಿಯ ಬಿಲ್ಲೆಯನ್ನು ಕಾಯಿಸಿ, ಹುಳಿಯಲ್ಲಿ ಅದ್ದಿ, ಮೇಲ್ಮೈಯ ತಾಮ್ರವನ್ನು ತೊಳೆದು ಬೆಳ್ಳಿಯ ತೊಗಲನ್ನು ಮಾತ್ರ ಉಳಿಸುತ್ತಿದ್ದರು. ಹಾಗಾಗಿ ಸರ್ಕಾರದ ಟಂಕಸಾಲೆಯಿಂದ ಹೊರಟ ಅಸಲಿ ನಾಣ್ಯವೂ ಒಂದು ಬಗೆಯಲ್ಲಿ ಸುಳ್ಳು ಹೇಳುತ್ತಿತ್ತು! ಕೆವಿನ್ ಬುಚರ್ ಮತ್ತು ಮ್ಯಾಥ್ಯೂ ಪಾಂಟಿಂಗ್ ಎಂಬ ವಿದ್ವಾಂಸರು ನಾಣ್ಯಗಳ ಅಂಚಿನಲ್ಲಿ ಸಣ್ಣ ತೂತು ಕೊರೆದು ಒಡಲಿನ ಲೋಹ ತೆಗೆದು ನೋಡಿದ ಮೇಲೆ, ಮೇಲ್ಮೈ ನಂಬಿ ಬರೆದಿದ್ದ ಎಷ್ಟೋ ಹಳೆಯ ಅಂಕಿಗಳನ್ನು ತಿದ್ದಬೇಕಾಯಿತು.

ರಂಗೋಲಿಯ ಮೇಲೆ ಕೋಳಿ ಹೆಜ್ಜೆ

ಏಟು, ಸವೆತ, ಕಿಲುಬು. ಇವುಗಳಲ್ಲಿ ಯಾವುದನ್ನು ಬೇಕಾದರೂ ಜಾಣ ನಕಲಿಗ ಬಿಡಿಬಿಡಿಯಾಗಿ ತಯಾರಿಸಬಲ್ಲ. ಅವನಿಗೆ ಕಷ್ಟವಾಗುವುದು ಇವುಗಳ ಸರದಿಯನ್ನು ಹೊಂದಿಸುವುದು.

ಬೆಳಿಗ್ಗೆ ಎದ್ದು ಅಂಗಳ ನೋಡಿ. ಸಾರಿಸಿದ ನೆಲ, ಅದರ ಮೇಲೆ ರಂಗೋಲಿ, ರಂಗೋಲಿಯ ಎಳೆಯನ್ನು ಕೆಡಿಸಿಕೊಂಡು ಹೋದ ಕೋಳಿಯ ಹೆಜ್ಜೆ, ಹೆಜ್ಜೆಯ ಮೇಲೆ ಉದುರಿದ ಬೇವಿನ ಎಲೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲು ನೀವು ಕಾದು ಕೂತಿರಬೇಕಿಲ್ಲ. ಯಾವುದು ಯಾವುದರ ಮೇಲಿದೆ ಎಂದು ನೋಡಿದರೆ ಸಾಕು. ಕೋಳಿ ಹೆಜ್ಜೆಯ ಮೇಲೆ ರಂಗೋಲಿ ಪುಡಿ ಬಿದ್ದಿದ್ದರೆ ಯಾರೋ ಆಮೇಲೆ ಬಂದು ತಿದ್ದಿದ್ದಾರೆ.

ನಾಣ್ಯದ ಬದುಕೂ ಒಂದು ಸರದಿಯಲ್ಲಿ ನಡೆಯುತ್ತದೆ. ಮೊದಲು ಸುತ್ತಿಗೆಯ ಏಟಿನ ಗೆರೆ. ಆ ಗೆರೆಗಳನ್ನು ಅಳಿಸಿಕೊಂಡು ಕೈಯಿಂದ ಕೈಗೆ ಹೋದ ಸವೆತ, ಗೀರು. ಗೀರುಗಳ ಮೇಲೆ, ಗೀರುಗಳ ಒಳಗೆ ತುಂಬಿಕೊಂಡ ಮಣ್ಣು ಮತ್ತು ಕಿಲುಬು. ಕೊನೆಗೆ ಅಗೆದು ತೆಗೆದವನ ಗುದ್ದಲಿಯ ಗೀರು ಬಿದ್ದಿದ್ದರೆ ಅದು ಕಿಲುಬನ್ನು ಕತ್ತರಿಸಿಕೊಂಡು ಹೋಗಿರುತ್ತದೆ, ಅದರೊಳಗೆ ಲೋಹ ಹೊಸದಾಗಿ ಹೊಳೆಯುತ್ತದೆ. ಬೆಕರ್‌ನ ನಾಣ್ಯದಲ್ಲಿ ಈ ಸರದಿಯೇ ಕೆಡುತ್ತದೆ. ಪ್ರಾಚೀನ ಬೆಳ್ಳಿ, ಅದರ ಮೇಲೆ ಹತ್ತೊಂಬತ್ತನೆಯ ಶತಮಾನದ ಏಟು, ಆ ಏಟಿನ ಮೇಲೆ ಗಾಡಿ ಸವಾರಿಯ ಸವೆತ; ಆದರೆ ಸವೆತದ ಮೇಲೆ ಮಣ್ಣಿನಲ್ಲಿ ಮಲಗಿದ ಕಾಲದ ಗುರುತೇ ಇಲ್ಲ. ಮಧ್ಯದ ಹದಿನೆಂಟು ಶತಮಾನ ನಾಪತ್ತೆ.

ಪುರಾತತ್ವದವರು ನೆಲ ಅಗೆಯುವಾಗ ಮಾಡುವುದೂ ಇದನ್ನೇ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆದಾಗ ಮಣ್ಣಿನ ಪದರಗಳನ್ನು ಒಂದೊಂದಾಗಿ ಗುರುತಿಸಿಕೊಂಡು ಕೆಳಗಿಳಿದರು. ಅಂಥ ಅಗೆತದಲ್ಲಿ ಸಿಕ್ಕ ನಾಣ್ಯಕ್ಕೆ ಸುತ್ತಲಿನ ಮಣ್ಣೇ ಜಾಮೀನು. ಮಾರುಕಟ್ಟೆಗೆ ಬಂದ ನಾಣ್ಯ ಆ ಜಾಮೀನು ಕಳೆದುಕೊಂಡಿರುತ್ತದೆ. ಅದರ ಮೈಮೇಲೆ ಉಳಿದ ಪದರಗಳೇ ಗತಿ, ಅವುಗಳ ದಪ್ಪ ಒಂದು ಕೂದಲೆಳೆಗಿಂತ ಕಮ್ಮಿಯಾದರೂ.

ಇತಿಹಾಸದಲ್ಲಿಲ್ಲದ ಸಾಮ್ರಾಟ

ಈ ಸರದಿಯ ತರ್ಕ ಎಷ್ಟು ದೂರ ಕರೆದೊಯ್ಯಬಲ್ಲದು, ಎಲ್ಲಿ ಕೈಬಿಡುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿರುವ ಹಂಟೇರಿಯನ್ ಮ್ಯೂಸಿಯಂನ ಒಂದು ಚಿನ್ನದ ನಾಣ್ಯಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

1713ರಲ್ಲಿ, ಇಂದು ರೊಮೇನಿಯಾಕ್ಕೆ ಸೇರಿದ ಟ್ರಾನ್ಸಿಲ್ವೇನಿಯಾದಿಂದ ಕೆಲವು ಚಿನ್ನದ ನಾಣ್ಯಗಳು ವಿಯೆನ್ನಾಕ್ಕೆ ಬಂದವು. ಸಾಮ್ರಾಟನ ನಾಣ್ಯ ಸಂಗ್ರಹ ನೋಡಿಕೊಳ್ಳುತ್ತಿದ್ದ ಕಾರ್ಲ್ ಗುಸ್ತಾವ್ ಹೆರೇಯಸ್ ಅವನ್ನು ದಾಖಲೆಗೆ ಸೇರಿಸಿದ. ಕೆಲವುಗಳ ಮೇಲೆ ಮೂರನೆಯ ಗೋರ್ಡಿಯನ್, ಫಿಲಿಪ್ ಎಂಬ ಗೊತ್ತಿದ್ದ ಸಾಮ್ರಾಟರ ಹೆಸರು. ಕೆಲವುಗಳ ಮೇಲೆ ಮಾತ್ರ ಯಾವ ಇತಿಹಾಸಕಾರನೂ ಬರೆಯದ ಹೆಸರು: ಸ್ಪಾನ್ಸಿಯನ್. ಅವುಗಳಲ್ಲಿ ಒಂದು ಗ್ಲಾಸ್ಗೋಕ್ಕೆ ಬಂತು. ಇನ್ನೊಂದು ರೊಮೇನಿಯಾದ ಸಿಬಿಯು ನಗರದ ಬ್ರುಕೆಂತಾಲ್ ಮ್ಯೂಸಿಯಂನಲ್ಲಿದೆ.

ಸ್ಪಾನ್ಸಿಯನ್ ನಾಣ್ಯ ನೋಡಲು ಒರಟು. ಮುಂಬದಿಯಲ್ಲಿ ಕಿರಣಗಳ ಕಿರೀಟ ತೊಟ್ಟ ತಲೆ. ಹಿಂಬದಿಯಲ್ಲಿ ಅದಕ್ಕಿಂತ ಸುಮಾರು ನಾನ್ನೂರು ವರ್ಷ ಹಿಂದೆ, ರೋಮ್ ಇನ್ನೂ ಗಣರಾಜ್ಯವಾಗಿದ್ದಾಗ ಹೊಡೆದ ಬೆಳ್ಳಿ ನಾಣ್ಯದ ಚಿತ್ರದ ನಕಲು. ಎಲ್ಲಕ್ಕಿಂತ ಮುಖ್ಯವಾಗಿ, ಇದು ನಿಪ್ಪಟ್ಟಲ್ಲ, ಇಡ್ಲಿ. ಎರಕ ಹೊಯ್ದದ್ದು. ಚಿನ್ನದಲ್ಲಿ ಬೆಳ್ಳಿ, ತಾಮ್ರದ ಬೆರಕೆ ರೋಮ್‌ನ ಅಧಿಕೃತ ಚಿನ್ನದ ನಾಣ್ಯಗಳಲ್ಲಿ ಇರುವುದಕ್ಕಿಂತ ಹೆಚ್ಚು. ನಾವು ಇಲ್ಲಿಯವರೆಗೆ ಕಲಿತ ಮೊದಲ ಪಾಠದಲ್ಲೇ ನಪಾಸು. 1860ರ ದಶಕದಲ್ಲಿ ಫ್ರಾನ್ಸಿನ ಹೆಸರಾಂತ ನಾಣ್ಯತಜ್ಞ ಆನ್ರಿ ಕೋಯೆನ್ ಇವು ಕಳಪೆ ನಕಲಿ ಎಂದು ತೀರ್ಪಿತ್ತ ಮೇಲೆ ನಾಣ್ಯ ಕಪಾಟು ಸೇರಿತು. ಒಂದೂವರೆ ಶತಮಾನ ಯಾರೂ ಅದರ ಗೊಡವೆಗೆ ಹೋಗಲಿಲ್ಲ.

ಆಮೇಲೆ ಬಂದವರು ಲಂಡನ್ನಿನ ಪಾಲ್ ಪಿಯರ್ಸನ್. ಅವರು ನಾಣ್ಯತಜ್ಞರಲ್ಲ, ಭೂವಿಜ್ಞಾನಿ. ಬಂಡೆಯ ಪದರಗಳನ್ನು ಓದಿ ಪಳಗಿದ ಕಣ್ಣು. ಅವರೂ ಸಂಗಡಿಗರೂ ಸ್ಪಾನ್ಸಿಯನ್‌ನನ್ನೂ ಅದರ ಜೊತೆಯ ಮೂರು ನಾಣ್ಯಗಳನ್ನೂ, ಹೋಲಿಕೆಗೆ ನಿಸ್ಸಂಶಯವಾಗಿ ಅಸಲಿಯಾದ ಎರಡು ರೋಮನ್ ಚಿನ್ನದ ನಾಣ್ಯಗಳನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟರು. 2022ರ ನವೆಂಬರ್‌ನಲ್ಲಿ ಪ್ರಕಟವಾದ ಅವರ ಲೇಖನದ ಸಾರ ಹೀಗಿದೆ. ನಾಣ್ಯದ ಮೈಮೇಲೆ ದಿಕ್ಕುದಿಕ್ಕಿಗೆ ಹರಿದ ಆಳವಾದ ಸೂಕ್ಷ್ಮ ಗೀರುಗಳಿವೆ. ಅಸಲಿ ನಾಣ್ಯಗಳಲ್ಲೂ ಇಂಥ ಗೀರುಗಳಿವೆ. ಚೀಲದಲ್ಲಿ ಬೇರೆ ನಾಣ್ಯಗಳ ಜೊತೆ ಕುಲುಕಾಡಿದರೆ ಬರುವಂಥವು. ಗೀರುಗಳ ಮೇಲೆ ಅಲ್ಲಲ್ಲಿ ಮಣ್ಣಿನ ತೇಪೆಗಳಿವೆ. ಆ ಮಣ್ಣು ಸುಮ್ಮನೆ ಅಂಟಿಕೊಂಡದ್ದಲ್ಲ. ಮಣ್ಣಿನ ನೀರಿನಿಂದ ಅಲ್ಲೇ ಹರಳುಗಟ್ಟಿದ ಖನಿಜ ಅದನ್ನು ಸಿಮೆಂಟಿನಂತೆ ಹಿಡಿದಿಟ್ಟಿದೆ. ಆ ತೇಪೆಯ ಮೇಲೆ, ಹೊರಗೆ ತೆಗೆದಾದ ನಂತರ ಗಾಳಿ ತಾಗಿ ಆದ ಮಾರ್ಪಾಡಿನ ಪದರ.

ಗೀರು, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಗಾಳಿಯ ಗುರುತು. ಅಂಗಳದ ರಂಗೋಲಿಯಂತೆ ಸರದಿ ಸರಿಯಾಗಿದೆ. ಓಡಾಡಿತು, ಹೂತಿತ್ತು, ಹೊರಬಂತು.

ಪಿಯರ್ಸನ್ ಅವರು ಇಲ್ಲಿಂದ ಮುಂದೆ ಒಂದು ದೊಡ್ಡ ಹೆಜ್ಜೆ ಇಟ್ಟರು. ಕ್ರಿ.ಶ. 260ರ ದಶಕದಲ್ಲಿ ರೋಮ್ ಸಾಮ್ರಾಜ್ಯ ದಾಳಿಗಳಿಗೂ ಒಳಜಗಳಕ್ಕೂ ಸಿಕ್ಕಿ ನುಗ್ಗಾಗಿತ್ತು. ಇಂದಿನ ರೊಮೇನಿಯಾ ಇರುವ ಡೇಸಿಯಾ ಪ್ರಾಂತ ರಾಜಧಾನಿಯಿಂದ ಕಡಿದುಹೋಗಿತ್ತು. ಅಲ್ಲಿ ಚಿನ್ನದ ಗಣಿಗಳಿದ್ದವು, ಟಂಕಸಾಲೆಯ ಕಸುಬುದಾರರು ಇರಲಿಲ್ಲ. ಸೇನೆಗೆ ಸಂಬಳ ಕೊಡಲೇಬೇಕಾದ ಒಬ್ಬ ದಂಡನಾಯಕ ತನ್ನನ್ನೇ ಸಾಮ್ರಾಟನೆಂದು ಕರೆದುಕೊಂಡು, ಬಂದಷ್ಟು ಚೆನ್ನಾಗಿ ಎರಕ ಹೊಯ್ಸಿದ. ಅವನೇ ಸ್ಪಾನ್ಸಿಯನ್. ಅವರು ಕಟ್ಟಿದ ಕಥೆ ಇದು, ಸೊಗಸಾಗಿಯೂ ಇದೆ. ಬ್ರಿಟಿಷ್ ಮ್ಯೂಸಿಯಂನ ರೋಮನ್ ನಾಣ್ಯಗಳ ಉಸ್ತುವಾರಿ ರಿಚರ್ಡ್ ಆಬ್ಡಿ ಇದನ್ನು ಒಪ್ಪದೆ, ಇದೆಲ್ಲ ಬರೀ ಕಲ್ಪನೆ ಎಂದು ಬಹಿರಂಗವಾಗಿಯೇ ತಳ್ಳಿಹಾಕಿದರು. ಜಗಳ ಇನ್ನೂ ಮುಗಿದಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಮಣ್ಣಿನ ಸಾಕ್ಷಿಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1713ರಿಂದ ಈಚೆಗೆ ಇವು ಶ್ರೀಮಂತರ, ಮ್ಯೂಸಿಯಂಗಳ ಕಪಾಟಿನಲ್ಲಿದ್ದವು; ಹೂತು ಮಲಗಿದ್ದು ಅದಕ್ಕಿಂತ ಮೊದಲೇ. ಮೋಸಗಾರನೊಬ್ಬ ಇಷ್ಟೆಲ್ಲ ಚಿನ್ನ ಖರ್ಚು ಮಾಡಿ ಯಾರೂ ಕೇಳದ ಸಾಮ್ರಾಟನ ಹೆಸರು ಹಾಕುತ್ತಾನೆಯೇ ಎಂಬ ಪ್ರಶ್ನೆಗೂ ತೂಕವಿದೆ. ಆದರೆ ಪದರಗಳ ಸರದಿ ಯಾವುದು ಮೊದಲು ಎಂದು ಹೇಳುತ್ತದೆಯೇ ಹೊರತು ಇಸವಿ ಹೇಳುವುದಿಲ್ಲ, ಯಾರ ಅಪ್ಪಣೆಯಿಂದ ಎಂದೂ ಹೇಳುವುದಿಲ್ಲ. ನಾಣ್ಯ ಹಳೆಯದು ಎಂಬುದನ್ನು ಒಪ್ಪುತ್ತೇನೆ. ಸ್ಪಾನ್ಸಿಯನ್ ಸಾಮ್ರಾಟನಾಗಿದ್ದ ಎಂಬುದಕ್ಕೆ ಅದೇ ಮಣ್ಣಿನಿಂದ, ವೀಲರ್ ಥರ ಪದರ ಪದರವಾಗಿ ಅಗೆಯುವಾಗ ಇನ್ನೊಂದು ನಾಣ್ಯ ಏಳುವವರೆಗೆ ಕಾಯುತ್ತೇನೆ.

ಹಳೆಯ ಖೋಟಾ, ಹಳೆಯ ಕಚ್ಚು

ಹಳೆಯದು ಎಂದ ಮಾತ್ರಕ್ಕೆ ಅಸಲಿ ಎಂದಾಗುವುದಿಲ್ಲ. ರೋಮ್‌ನಲ್ಲೇ ಖೋಟಾ ನಾಣ್ಯಗಳ ಹಾವಳಿ ಇತ್ತು. ತಾಮ್ರದ ಬಿಲ್ಲೆಗೆ ಬೆಳ್ಳಿಯ ತಗಡು ಸುತ್ತಿ, ಕಾಯಿಸಿ, ಅಚ್ಚು ಹೊಡೆಯುತ್ತಿದ್ದರು. ಸವೆತ ಇವುಗಳ ಗುಟ್ಟನ್ನು ತಾನೇ ಬಯಲು ಮಾಡುತ್ತದೆ. ಕೆನ್ನೆ, ಮಂಡಿಗಳಲ್ಲಿ ಬೆಳ್ಳಿ ಸವೆದು ಕೆಂಪು ಇಣುಕುತ್ತದೆ, ಮಣ್ಣು ಸೇರಿದ ಮೇಲೆ ಅಲ್ಲಿಂದ ಹಸಿರು ಕಿಲುಬು ಉಕ್ಕುತ್ತದೆ. ಏಟು, ಸವೆತ, ಕಿಲುಬು ಎಲ್ಲ ಸರದಿಯಲ್ಲೇ ಇರುವ, ಅಪ್ಪಟ ಪ್ರಾಚೀನ ಖೋಟಾ! ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಒಂದು ತಮಾಷೆ ದಾಖಲಿಸಿದ್ದಾನೆ: ಖೋಟಾ ಹೇಗಿರುತ್ತದೆಂದು ಅಭ್ಯಾಸ ಮಾಡಲು ಜನ ಹಲವು ಅಸಲಿ ದಿನಾರಿಯಸ್ ತೆತ್ತು ಒಂದು ಖೋಟಾ ದಿನಾರಿಯಸ್ ಕೊಳ್ಳುತ್ತಿದ್ದರಂತೆ. ಭಾರತದ ಜೊತೆಗಿನ ವ್ಯಾಪಾರದಿಂದ ರೋಮ್‌ನ ಹಣವೆಲ್ಲ ಸೋರಿಹೋಗುತ್ತಿದೆ ಎಂದು ಗೊಣಗಿದವನೂ ಅವನೇ.

ಸೋರಿ ಬಂದ ಹಣಕ್ಕೆ ನಮ್ಮ ಕಡೆ ಏನಾಯಿತು ಎಂಬುದೂ ಸರದಿ ಓದುವವರಿಗೆ ಒಳ್ಳೆಯ ಪಾಠ. 1898ರಲ್ಲಿ ತಮಿಳುನಾಡಿನ ಪುದುಕ್ಕೋಟೈ ಸಂಸ್ಥಾನದಲ್ಲಿ 501 ರೋಮನ್ ಚಿನ್ನದ ನಾಣ್ಯಗಳ ನಿಧಿ ಸಿಕ್ಕಿತು. ಅವುಗಳಲ್ಲಿ ಹೆಚ್ಚಿನವುಗಳ ಮೇಲೆ, ಸಾಮ್ರಾಟನ ತಲೆಗೆ ಅಡ್ಡಲಾಗಿ, ಉಳಿಯಿಂದ ಹೊಡೆದ ಕಚ್ಚು ಇತ್ತು. ಯಾಕೆ ಹೊಡೆದರು ಎಂಬ ಬಗ್ಗೆ ಬೇರೆ ಬೇರೆ ವಾದಗಳಿವೆ. ನಾಣ್ಯವಾಗಿ ಮತ್ತೆ ಚಲಾವಣೆಗೆ ಹೋಗದಿರಲಿ ಎಂಬುದು ಅವುಗಳಲ್ಲಿ ಒಂದು. ಪರೀಕ್ಷಿಸುವವನ ಪಾಲಿಗೆ ಆ ಕಚ್ಚು ವರವೇ ಸರಿ. ಕಚ್ಚಿನ ತಳದಲ್ಲಿ ನಾಣ್ಯದ ಉಳಿದ ಮೈಯಲ್ಲಿರುವ ಮಣ್ಣೇ ಕೂತಿದ್ದರೆ, ಅಂಚು ಮೊಂಡಾಗಿದ್ದರೆ, ಕಚ್ಚೂ ಹಳೆಯದು. ತಳ ಹೊಳೆಯುತ್ತಿದ್ದರೆ, ‘ಇದು ಭಾರತದಲ್ಲಿ ಸಿಕ್ಕಿದ್ದು’ ಎಂದು ಬೆಲೆ ಏರಿಸಲು ಯಾರೋ ಮೊನ್ನೆ ಹೊಡೆದದ್ದಿರಬಹುದು.

ಹುಣಸೆಹಣ್ಣು ಮುಟ್ಟಿಸಬೇಡಿ

ಇಷ್ಟು ಓದಿದ ಮೇಲೆ ಒಂದು ಮಾತು ನಿಮಗೇ ಹೊಳೆದಿರುತ್ತದೆ. ಸಾಕ್ಷಿ ಇರುವುದೆಲ್ಲ ಕೊಳೆಯಲ್ಲಿ. ಆದರೆ ಹಳೆಯ ಲೋಹ ಕೈಗೆ ಸಿಕ್ಕ ಕೂಡಲೇ ನಮ್ಮ ಮನೆಗಳಲ್ಲಿ ಮಾಡುವ ಮೊದಲ ಕೆಲಸವೆಂದರೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುವುದು. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿದ್ದ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಯನ್ನು ಪ್ರತಿ ದೀಪಾವಳಿಗೂ ಹೀಗೆ ತಿಕ್ಕಿ ತಿಕ್ಕಿ, ಈಗ ಮಸೂರದಲ್ಲಿ ನೋಡಿದರೆ ರಾಣಿಯ ಗದ್ದದ ಸಂದಿಯೂ ಕೆನ್ನೆಯಷ್ಟೇ ನುಣುಪು. ಅದು ಅಸಲಿ ಎಂದು ನನಗೆ ಗೊತ್ತು, ಆದರೆ ನಾಣ್ಯವನ್ನಷ್ಟೇ ನೋಡಿ ಅದನ್ನು ಸಾಬೀತು ಮಾಡು ಎಂದರೆ ಕೈಚೆಲ್ಲಬೇಕು. ಹುಣಸೆಯ ಹುಳಿ ಕಿಲುಬನ್ನು ಕರಗಿಸಿ, ಮಣ್ಣನ್ನೂ ಜೊತೆಗೇ ಕಳಚುತ್ತದೆ. ಎರಡು ಸಾವಿರ ವರ್ಷದ ಸರದಿಗೆ ಹತ್ತು ನಿಮಿಷ ಸಾಕು.

ಹಾಗಾಗಿ, ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಿಮಗೆ ಹಳೆಯ ನಾಣ್ಯ ಸಿಕ್ಕರೆ ತೊಳೆಯಬೇಡಿ, ಉಜ್ಜಬೇಡಿ, ಕಲ್ಲಿನ ಮೇಲೆ ಕುಕ್ಕಬೇಡಿ. ಮಣ್ಣು ಸಮೇತ ಒಣ ಕಾಗದದಲ್ಲಿ ಸುತ್ತಿ, ಸಿಕ್ಕ ಜಾಗ ಮತ್ತು ಆಳವನ್ನು ಬರೆದಿಡಿ. ನಿಧಿ ಕಾಯ್ದೆಯ ಪ್ರಕಾರ, ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು.